ಬೆಂಬಲ ಮುಗಿದ ಲಿನಕ್ಸ್‌ಗೆ ಅಪ್‌ಡೇಟ್ ಎಲ್ಲಿಂದ ತರುವುದು?

2020ರ ನವೆಂಬರ್ 30ಕ್ಕೆ ಸೆಂಟ್‌ಓಎಸ್ 6ರ ಬೆಂಬಲ ಮುಗಿಯಿತು. ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಕೋಡ್‌ನಿಂದಲೇ ಕಟ್ಟಿದ ಪುಕ್ಕಟೆ ಲಿನಕ್ಸ್ ಅದು. ಮರುದಿನ ಯಾವ ಸರ್ವರೂ ನಿಲ್ಲಲಿಲ್ಲ. ವೆಬ್‌ಸೈಟ್‌ಗಳು ತೆರೆದುಕೊಂಡವು, ಮೇಲ್‌ಗಳು ಹೋದವು. ‘ಏನೂ ಆಗಲಿಲ್ವಲ್ಲ’ ಎಂದು ಸುಮ್ಮನಾಗುವುದು ಇಂಥ ಹೊತ್ತಿನಲ್ಲೇ. 57 ದಿನ ಕಳೆದ ಮೇಲೆ, 2021ರ ಜನವರಿ 26ರಂದು, ಸಾಮಾನ್ಯ ಬಳಕೆದಾರರಿಗೆ ಆಡಳಿತಗಾರರ ಅಧಿಕಾರ ಕೊಡುವ ಸುಡೊ ಪ್ರೋಗ್ರಾಂನಲ್ಲಿ ಒಂದು ತೂತು ಬಯಲಾಯಿತು. ಮಷೀನಿನಲ್ಲಿ ಒಂದು ಸಾಮಾನ್ಯ ಅಕೌಂಟ್ ಇದ್ದರೆ ಸಾಕು, ಸುಡೊ ಅನುಮತಿ ಇಲ್ಲದವರೂ ರೂಟ್ (ಇಡೀ ಮಷೀನಿನ ಒಡೆಯ) ಆಗಬಹುದಿತ್ತು. ಆ ತಪ್ಪು ಕೋಡ್‌ಗೆ ಸೇರಿದ್ದು 2011ರ ಜುಲೈನಲ್ಲಿ. ಹತ್ತಿರಹತ್ತಿರ ಹತ್ತು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರೆಡ್ ಹ್ಯಾಟ್ 6ಕ್ಕೆ ದುಡ್ಡು ಕೊಟ್ಟು ಹೆಚ್ಚುವರಿ ಬೆಂಬಲ ತೆಗೆದುಕೊಂಡವರಿಗೆ ಪ್ಯಾಚ್ (ತೂತು ಮುಚ್ಚುವ ತೇಪೆ) ಬಂತು. ಸೆಂಟ್‌ಓಎಸ್ 6 ಇಟ್ಟುಕೊಂಡವರಿಗೆ ಬರಲಿಲ್ಲ.

ಬೆಂಬಲ ಮುಗಿಯುವುದು ಅಂದರೆ ಇಷ್ಟೇ. ತೂತುಗಳು ಸಿಗುತ್ತಲೇ ಇರುತ್ತವೆ, ತೇಪೆ ಹಾಕುವವರು ಮಾತ್ರ ಎದ್ದು ಹೋಗಿರುತ್ತಾರೆ. ಹೊಸ ಆವೃತ್ತಿಗೆ ಹೋಗಿಬಿಡಿ ಎನ್ನುವುದು ಸರಿಯಾದ ಸಲಹೆಯೇ. ಆದರೆ ಹಳೇ ಡ್ರೈವರ್, ಬರೆದವರೇ ಕೈಬಿಟ್ಟ ಸಾಫ್ಟ್‌ವೇರ್, ನಿಲ್ಲಿಸಲಾಗದ ಕೆಲಸ ಎಂದು ಆರು ತಿಂಗಳೋ ಒಂದು ವರ್ಷವೋ ತಳ್ಳಲೇಬೇಕಾದ ಮಷೀನುಗಳು ಎಲ್ಲರ ಹತ್ತಿರವೂ ಇರುತ್ತವೆ, ಅಲ್ವಾ? ಆ ಅವಧಿಯನ್ನು ಹೇಗೆ ದಾಟುವುದು ಎಂಬುದಕ್ಕೆ ಈ ಬರಹ.

ಮೊದಲು ತಾರೀಖು ನೋಡಿ

ಎಟ್ಸಿ ಫೋಲ್ಡರ್‌ನಲ್ಲಿ ಓಎಸ್-ರಿಲೀಸ್ ಎಂಬ ಫೈಲ್ ಇದೆ. ಅದನ್ನು ತೆರೆದರೆ ಡಿಸ್ಟ್ರೋ (ಸೆಂಟ್‌ಓಎಸ್, ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ತಳಿ) ಹೆಸರು, ಆವೃತ್ತಿ ಸಿಗುತ್ತದೆ. ಕೆಲವು ತಾರೀಖುಗಳು ನೆನಪಿರಲಿ. ಸೆಂಟ್‌ಓಎಸ್ 7 ಮತ್ತು ಡೆಬಿಯನ್ 10 ಎರಡಕ್ಕೂ ಒಂದೇ ದಿನ ಬಾಗಿಲು ಹಾಕಿತು: 2024ರ ಜೂನ್ 30. ಡೆಬಿಯನ್ 11ಕ್ಕೆ 2026ರ ಆಗಸ್ಟ್ 31 ಕೊನೆ. ಉಬುಂಟು 18.04ರ ಮಾಮೂಲಿ ಬೆಂಬಲ 2023ರ ಮೇ ತಿಂಗಳಿಗೆ, 20.04ರದು 2025ರ ಮೇ ತಿಂಗಳಿಗೆ ಮುಗಿಯಿತು. ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ ಆವೃತ್ತಿ) ಅಲ್ಲದ ಉಬುಂಟುಗಳಿಗೆ ಸಿಗುವುದು ಬರೀ 9 ತಿಂಗಳು. ಫೆಡೋರಾಕ್ಕೆ ಸುಮಾರು 13 ತಿಂಗಳು.

ಇಲ್ಲಿ ಒಂದು ಗೊಂದಲ ಆಗಾಗ ಕಾಣುತ್ತದೆ. ಡೆಬಿಯನ್ 11ರಲ್ಲಿರುವುದು ವೆಬ್‌ಸೈಟ್ ಬರೆಯುವ ಭಾಷೆ ಪಿಎಚ್‌ಪಿಯ 7.4 ವರ್ಷನ್. ಪಿಎಚ್‌ಪಿ ಬಳಗ ಅದನ್ನು 2022ರ ನವೆಂಬರ್‌ನಲ್ಲೇ ಕೈಬಿಟ್ಟಿತು. ಆದರೂ ಡೆಬಿಯನ್‌ನವರು ಅದಕ್ಕೆ ಪ್ಯಾಚ್ ಹಾಕುತ್ತಲೇ ಬಂದರು. ಹಾಗಾಗಿ ಪ್ಯಾಕೇಜಿನ ವರ್ಷನ್ ನಂಬರ್ ಒಂದನ್ನೇ ನೋಡಿ ಹೆದರಬೇಡಿ. ನಿಮಗೆ ಅಪ್‌ಡೇಟ್ ಕೊಡುತ್ತಿರುವವರು ಯಾರು, ಅವರು ಎಲ್ಲಿಯವರೆಗೆ ಕೊಡುತ್ತಾರೆ ಎಂದು ನೋಡಿ. ಇದರ ಉಲ್ಟಾ ಕೂಡ ನಿಜ. ಡಿಸ್ಟ್ರೋ ಇನ್ನೂ ಜೀವಂತ ಇದ್ದರೂ ನೀವು ಹೊರಗಿನಿಂದ ಸೇರಿಸಿಕೊಂಡ ಡೇಟಾಬೇಸ್ ರೆಪೊ, ಕಂಟೇನರ್ ರೆಪೊ (ರೆಪೊ ಅಂದರೆ ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಜಾಗ) ಮೊದಲೇ ನಿಂತುಹೋಗಿರಬಹುದು. ಸೋರ್ಸ್ ಪಟ್ಟಿಯ ಒಂದೊಂದು ಸಾಲನ್ನೂ ಓದಿ.

ಅಪ್‌ಡೇಟ್ ನಿಜವಾಗಿ ಬರುತ್ತಿದೆಯಾ ಅನ್ನುವುದನ್ನೂ ಕಣ್ಣಾರೆ ನೋಡಿ. ನನ್ನದೇ ಒಂದು ಮಷೀನಿನಲ್ಲಿ ರಾತ್ರಿ ತಾನಾಗಿಯೇ ಅಪ್‌ಡೇಟ್ ಆಗುವಂತೆ ಕ್ರಾನ್ (ಗೊತ್ತುಮಾಡಿದ ಹೊತ್ತಿಗೆ ಕಮಾಂಡ್ ಓಡಿಸುವ ಸೌಲಭ್ಯ) ಹಾಕಿದ್ದೆ. ರೆಪೊ ವಿಳಾಸ ಸತ್ತುಹೋಗಿ ಏಳು ತಿಂಗಳಾಗಿತ್ತು. ಪ್ರತಿ ರಾತ್ರಿ ಎರರ್ ಬರುತ್ತಿತ್ತು, ಆ ಎರರ್ ರೂಟ್‌ನ ಮೇಲ್‌ಬಾಕ್ಸಿಗೆ ಹೋಗುತ್ತಿತ್ತು, ಆ ಮೇಲ್‌ಬಾಕ್ಸ್ ನಾನು ಒಮ್ಮೆಯೂ ತೆರೆದಿರಲಿಲ್ಲ. ಇನ್ನೂರಕ್ಕೂ ಹೆಚ್ಚು ಮೇಲ್, ಎಲ್ಲದರಲ್ಲೂ ಒಂದೇ ಸಾಲು: 404, ಅಂದರೆ ‘ಸಿಗಲಿಲ್ಲ’.

ಹಳೇ ಕಣಜದಿಂದ ಉಳಿದದ್ದನ್ನು ತನ್ನಿ

ಬೆಂಬಲ ಮುಗಿದ ಮೇಲೆ ಪ್ಯಾಕೇಜುಗಳನ್ನು ಅಳಿಸಿಹಾಕುವುದಿಲ್ಲ, ಬೇರೆ ಕಡೆ ಎತ್ತಿಡುತ್ತಾರೆ. ಡೆಬಿಯನ್‌ಗೆ ಆರ್ಕೈವ್ ಸರ್ವರ್ ಇದೆ, ಎಲ್‌ಟಿಎಸ್ ಅಲ್ಲದ ಉಬುಂಟುಗಳಿಗೆ ಓಲ್ಡ್-ರಿಲೀಸಸ್ ಇದೆ, ಸೆಂಟ್‌ಓಎಸ್‌ಗೆ ವಾಲ್ಟ್ ಇದೆ. ಸೆಂಟ್‌ಓಎಸ್ 7ರಲ್ಲಿ ಮಿರರ್‌ಲಿಸ್ಟ್ ವಿಳಾಸವೇ ಸಿಗುವುದಿಲ್ಲ ಎಂದು ಪ್ಯಾಕೇಜ್ ತರುವ ಕಮಾಂಡ್ ಯಮ್ ಗೋಳಾಡುತ್ತದಲ್ಲ, ಅಲ್ಲಿ ರೆಪೊ ಫೈಲಿನ ಮಿರರ್‌ಲಿಸ್ಟ್ ಸಾಲುಗಳ ಮುಂದೆ ಹ್ಯಾಷ್ ಹಾಕಿ ಮುಚ್ಚಿ. ಬೇಸ್‌ಯುಆರ್‌ಎಲ್ ಸಾಲನ್ನು ತೆರೆದು ವಾಲ್ಟ್ ವಿಳಾಸ ಕೊಡಿ. ಅಷ್ಟೇ.

ಡೆಬಿಯನ್‌ನಲ್ಲಿ ವಿಳಾಸ ಬದಲಿಸಿದ ಮೇಲೂ ‘ರಿಲೀಸ್ ಫೈಲ್‌ನ ಅವಧಿ ಮುಗಿದಿದೆ’ ಎಂದು ಅಲ್ಲಿನ ಪ್ಯಾಕೇಜ್ ಕಮಾಂಡ್ ಆಪ್ಟ್ ತಕರಾರು ತೆಗೆಯಬಹುದು. ಹಳೇ ಪಟ್ಟಿಯನ್ನು ಹೊಸದೆಂದು ತೋರಿಸಿ ಯಾರೂ ಮೋಸ ಮಾಡದಿರಲಿ ಎಂದು ಇಟ್ಟ ಕಾವಲು ಅದು. ಆ ಒಂದು ಸಾಲಿಗೆ ಮಾತ್ರ ಅವಧಿ ತಪಾಸಣೆ ನಿಲ್ಲಿಸುವ ಆಪ್ಷನ್ ಇದೆ, ಅದನ್ನು ಬಳಸಿ. ಇಡೀ ಸಿಸ್ಟಮ್ಮಿಗೆ ನಿಲ್ಲಿಸಬೇಡಿ. ಇನ್ನು ಸಹಿ ತಪಾಸಣೆಯನ್ನೇ ತೆಗೆದು ‘ಎಲ್ಲ ನಂಬು’ ಎಂದು ಬರೆಯುವ ಸಲಹೆ ಎಲ್ಲಾದರೂ ಸಿಕ್ಕರೆ ಅದನ್ನು ಅಲ್ಲೇ ಬಿಟ್ಟುಬಿಡಿ. ದಾರಿಯಲ್ಲಿ ಯಾರು ಏನು ತುರುಕಿದರೂ ನಿಮ್ಮ ಮಷೀನ್ ಬಾಯಿ ತೆರೆದು ನುಂಗುತ್ತದೆ.

ಎಚ್‌ಟಿಟಿಪಿಎಸ್ ವಿಳಾಸಗಳಿಗೆ ಹೋಗಲು ಆಗುತ್ತಲೇ ಇಲ್ಲ ಅಂದರೆ ಸರ್ಟಿಫಿಕೇಟ್ ಕಡೆ ನೋಡಿ. 2021ರ ಸೆಪ್ಟೆಂಬರ್ 30ಕ್ಕೆ, ಸೈಟುಗಳಿಗೆ ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನಂಬಿಕೊಂಡಿದ್ದ ಹಳೇ ರೂಟ್ ಸರ್ಟಿಫಿಕೇಟ್ ಒಂದರ ಅವಧಿ ಮುಗಿಯಿತು. ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 1.0.2 ಮತ್ತು ಅದಕ್ಕಿಂತ ಹಳೆಯದಿದ್ದ ಮಷೀನುಗಳು ಅವತ್ತಿನಿಂದ ಎಷ್ಟೋ ಸೈಟುಗಳನ್ನು ನಂಬಲು ಒಪ್ಪಲಿಲ್ಲ. ಹೊಸ ರೂಟ್ ಸರ್ಟಿಫಿಕೇಟ್ ಅವುಗಳ ಪಟ್ಟಿಯಲ್ಲಿ ಇದ್ದರೂ ಹಳೆಯದನ್ನು ಕಂಡ ಕೂಡಲೇ ಮುಗ್ಗರಿಸುತ್ತಿದ್ದವು. ಆ ಹಳೇ ಸರ್ಟಿಫಿಕೇಟನ್ನು ನಂಬಿಕೆಯ ಪಟ್ಟಿಯಿಂದ ತೆಗೆದರೆ ಸರಿಹೋಗುತ್ತದೆ.

ಈಗ ಅಪ್‌ಡೇಟ್ ಕಮಾಂಡ್ ಒಂದೂ ಎರರ್ ಇಲ್ಲದೆ ಓಡುತ್ತದೆ. ಅಪಾಯ ಇರುವುದೇ ಇಲ್ಲಿ. ಪರದೆ ಮೇಲೆ ಎಲ್ಲ ಚೊಕ್ಕಟ, ಹಾಗಾಗಿ ಮಷೀನ್ ಸುರಕ್ಷಿತ ಎಂದು ಅನಿಸುತ್ತದೆ. ಕಣಜದಲ್ಲಿರುವುದು ಬೆಂಬಲದ ಕೊನೆಯ ದಿನದವರೆಗಿನ ಕಾಳು ಮಾತ್ರ. ಆ ದಿನದ ಮಟ್ಟಕ್ಕೆ ಮಷೀನನ್ನು ತಂದು ನಿಲ್ಲಿಸಲು ಇದು ಬೇಕೇ ಬೇಕು, ಎಷ್ಟೋ ಮಷೀನುಗಳು ಆ ಮಟ್ಟಕ್ಕೂ ಬಂದಿರುವುದಿಲ್ಲ. ಆದರೆ ಇದು ಅಪ್‌ಡೇಟ್ ಅಲ್ಲ.

ಬೇರೆ ಯಾರಾದರೂ ತೇಪೆ ಹಾಕುತ್ತಿದ್ದಾರಾ?

ನೀವೇ ಪ್ಯಾಚ್ ಮಾಡುವ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳಿ. ಉಬುಂಟು ಎಲ್‌ಟಿಎಸ್ ಆದರೆ ಉತ್ತರ ಸುಲಭ. ಉಬುಂಟು ಪ್ರೊ ಸೇರಿಕೊಂಡರೆ 5 ವರ್ಷದ ಬೆಂಬಲ 10 ವರ್ಷ ಆಗುತ್ತದೆ. ಸ್ವಂತ ಬಳಕೆಗೆ 5 ಮಷೀನುಗಳವರೆಗೆ ಪುಕ್ಕಟೆ. ಅಕೌಂಟ್ ಮಾಡಿ, ಅಲ್ಲಿ ಸಿಗುವ ಟೋಕನ್ನನ್ನು ಪ್ರೊ ಅಟ್ಯಾಚ್ ಕಮಾಂಡಿಗೆ ಕೊಡಬೇಕು. ಆಮೇಲೆ ಪ್ರೊ ಸ್ಟೇಟಸ್ ಓಡಿಸಿ ನೋಡಿ. ಇಎಸ್‌ಎಮ್ ಇನ್ಫ್ರಾ ಮತ್ತು ಇಎಸ್‌ಎಮ್ ಆ್ಯಪ್ಸ್ ಎಂಬ ಎರಡು ಸಾಲು ಕಾಣುತ್ತವೆ (ಇಎಸ್‌ಎಮ್ ಅಂದರೆ ವಿಸ್ತರಿಸಿದ ಭದ್ರತಾ ಬೆಂಬಲ). ಮೊದಲನೆಯದು ಮೇನ್ ವಿಭಾಗದ ಪ್ಯಾಕೇಜುಗಳಿಗೆ, ಎರಡನೆಯದು ಯೂನಿವರ್ಸ್ ವಿಭಾಗಕ್ಕೆ. ಎರಡೂ ಚಾಲೂ ಇರಲಿ.

ಡೆಬಿಯನ್‌ನಲ್ಲಿ ಮೊದಲ 3 ವರ್ಷ ಭದ್ರತಾ ತಂಡ ನೋಡಿಕೊಳ್ಳುತ್ತದೆ, ಆಮೇಲಿನ 2 ವರ್ಷ ಎಲ್‌ಟಿಎಸ್ ತಂಡ. ಈ ಏರ್ಪಾಡು ಶುರುವಾದದ್ದು 2014ರಲ್ಲಿ, ಡೆಬಿಯನ್ 6ರ ಹೊತ್ತಿಗೆ. ಎಲ್ಲ ಪ್ಯಾಕೇಜೂ ಇದರಡಿ ಬರುವುದಿಲ್ಲ. ಡೆಬಿಯನ್-ಸೆಕ್ಯುರಿಟಿ-ಸಪೋರ್ಟ್ ಎಂಬ ಸಣ್ಣ ಪ್ಯಾಕೇಜ್ ಹಾಕಿಕೊಂಡರೆ ನಿಮ್ಮ ಮಷೀನಿನಲ್ಲಿ ಯಾವುದಕ್ಕೆ ಬೆಂಬಲ ಇಲ್ಲ ಎಂದು ಪಟ್ಟಿ ಕೊಡುತ್ತದೆ. ಆ 5 ವರ್ಷವೂ ಮುಗಿದರೆ ಫ್ರೆಕ್ಸಿಯನ್ ಎಂಬ ಕಂಪನಿಯ ಇಎಲ್‌ಟಿಎಸ್ ಇದೆ. ಅಲ್ಲಿ ದುಡ್ಡು ಕೊಡುವವರಿಗೆ ಯಾವ ಪ್ಯಾಕೇಜ್ ಬೇಕೋ ಅದಕ್ಕೆ ಮೊದಲ ಮಣೆ. ರೆಡ್ ಹ್ಯಾಟ್‌ನ ಹೆಚ್ಚುವರಿ ಬೆಂಬಲಕ್ಕೆ ದುಡ್ಡು ಕೊಡಬೇಕು. ಸೆಂಟ್‌ಓಎಸ್ 7ಕ್ಕೆ ಟಕ್ಸ್‌ಕೇರ್‌ನಂಥವರೂ ಪ್ಯಾಚ್ ಮಾರುತ್ತಾರೆ.

ದುಡ್ಡು ಕೊಡುವುದು ಸೋಲು ಅಂತ ಅಂದುಕೊಳ್ಳಬೇಡಿ. ಹಳೇ ರೆಡ್ ಹ್ಯಾಟ್ ಲಿನಕ್ಸ್ 7.3, 9 ಮತ್ತು ಹಳೇ ಫೆಡೋರಾಗಳಿಗೆ ಬೆಂಬಲ ನಿಂತಾಗ ಫೆಡೋರಾ ಲೆಗಸಿ ಎಂದು ಒಂದು ತಂಡ ಕಟ್ಟಿಕೊಂಡು ತಾವೇ ಪ್ಯಾಚ್ ಕೊಡಲು ಹೊರಟಿದ್ದರು. ಒಳ್ಳೆಯ ಕೆಲಸವನ್ನೇ ಮಾಡಿದರು. ಆದರೆ ಪ್ಯಾಚ್ ಬೇಕು ಅನ್ನುವವರು ಜಾಸ್ತಿ, ಪರೀಕ್ಷೆ ಮಾಡಿ ಕೊಡುವವರು ಕಡಿಮೆ. 2006ರ ಕೊನೆಯ ಹೊತ್ತಿಗೆ ಅದೂ ನಿಂತಿತು.

ಪಟ್ಟಿಯನ್ನು ಕತ್ತರಿಸಿ

ಯಾರೂ ಇಲ್ಲ, ನೀವೇ ಮಾಡಬೇಕು ಎಂದಾದರೆ ಮೊದಲ ಕೆಲಸ ಪ್ಯಾಚ್ ಹುಡುಕುವುದಲ್ಲ, ಪ್ಯಾಕೇಜ್ ಕಿತ್ತುಹಾಕುವುದು. ಮಾಮೂಲಿ ಸರ್ವರ್‌ನಲ್ಲಿ ಐನೂರಕ್ಕಿಂತ ಜಾಸ್ತಿ ಪ್ಯಾಕೇಜ್ ಇರುವುದು ಸಾಮಾನ್ಯ. ಅಷ್ಟನ್ನೂ ಒಬ್ಬರು ಕಾಯಲು ಆಗುವುದಿಲ್ಲ. ಎಸ್‌ಎಸ್ ಕಮಾಂಡ್ ಓಡಿಸಿ ಯಾವ ಪೋರ್ಟ್‌ಗಳು ಕಿವಿ ತೆರೆದು ಕೂತಿವೆ ನೋಡಿ. ಬಳಸದ ಪ್ರಿಂಟ್ ಸರ್ವಿಸ್, ಯಾರೋ ಎಂದೋ ಹಾಕಿದ ಎಫ್‌ಟಿಪಿ, ಕಂಪೈಲರ್, ಡೆಸ್ಕ್‌ಟಾಪ್ ಎಲ್ಲ ತೆಗೆಯಿರಿ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಅನ್ನು ಇಡೀ ಜಗತ್ತಿಗೆ ತೆರೆದಿಡದೆ ವಿಪಿಎನ್ ಹಿಂದೆ ಇಡಿ. ವೆಬ್‌ಸೈಟ್ ಇದ್ದರೆ ಮುಂದೆ ಒಂದು ಹೊಸ ಮಷೀನ್ ಇಟ್ಟು, ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ) ಕೆಲಸವೆಲ್ಲ ಅದೇ ಮಾಡಲಿ. ಹಳೆಯದು ಅದರೊಂದಿಗೆ ಮಾತ್ರ ಮಾತಾಡಲಿ.

ಇಷ್ಟು ಮಾಡಿದ ಮೇಲೆ ಕಾಯಬೇಕಾದದ್ದು ಹತ್ತೋ ಹದಿನೈದೋ ಉಳಿಯುತ್ತದೆ: ಓಪನ್‌ಎಸ್‌ಎಸ್‌ಎಚ್, ಓಪನ್‌ಎಸ್‌ಎಸ್‌ಎಲ್, ಸುಡೊ, ಪೋಲ್‌ಕಿಟ್, ಕರ್ಲ್, ನಿಮ್ಮ ವೆಬ್ ಸರ್ವರ್, ಅದರ ಭಾಷೆ, ಡೇಟಾಬೇಸ್.

ಇನ್ನೂ ಒಂದು ದಾರಿ ಇದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹಳೇ ಸಿಸ್ಟಮ್ ಬೇಕಾಗಿರುವುದು ಒಂದೇ ಒಂದು ಪ್ರೋಗ್ರಾಂಗೆ ಎಂದಾದರೆ ಆ ಪ್ರೋಗ್ರಾಂ ಮತ್ತು ಅದರ ಹಳೇ ಲೈಬ್ರರಿಗಳನ್ನು ಒಂದು ಕಂಟೇನರ್‌ಗೆ (ಉಳಿದದ್ದರಿಂದ ಬೇರ್ಪಟ್ಟ ಡಬ್ಬಿಗೆ) ಹಾಕಿ, ಹೊಸ ಡಿಸ್ಟ್ರೋ ಮೇಲೆ ಪೋಡ್‌ಮನ್ ಎಂಬ ಟೂಲ್‌ನಲ್ಲಿ ಓಡಿಸಿ. ಕರ್ನಲ್ (ಸಿಸ್ಟಮ್ಮಿನ ತಿರುಳು), ಎಸ್‌ಎಸ್‌ಎಚ್, ಫೈರ್‌ವಾಲ್ ಎಲ್ಲ ಹೊಸದು. ಹಳೆಯದು ಒಳಕೋಣೆಯಲ್ಲಿ ಕೂತಿರುತ್ತದೆ. ತೊಡಕು ಹಳೇ ಕರ್ನಲ್ ಡ್ರೈವರ್‌ನದ್ದಾದರೆ ಮಾತ್ರ ಇದು ನಡೆಯುವುದಿಲ್ಲ, ಏಕೆಂದರೆ ಕಂಟೇನರ್‌ಗೆ ತನ್ನದೇ ಕರ್ನಲ್ ಇರುವುದಿಲ್ಲ.

ಯಾವ ತೂತು ನಿಮ್ಮದು?

ಹೊಸ ಸಿವಿಇ (ಬಯಲಾದ ತೂತಿಗೆ ಕೊಡುವ ನಂಬರ್) ಬಂದ ಕೂಡಲೇ ಗಾಬರಿಯಾಗಬೇಡಿ. 2024ರ ಜುಲೈ 1ರಂದು, ಅಂದರೆ ಸೆಂಟ್‌ಓಎಸ್ 7ರ ಬೆಂಬಲ ಮುಗಿದ ಮರುದಿನವೇ, ಓಪನ್‌ಎಸ್‌ಎಸ್‌ಎಚ್‌ನಲ್ಲಿ ದೂರದಿಂದಲೇ ರೂಟ್ ಆಗಬಹುದಾದ ದೊಡ್ಡ ತೂತು ಬಯಲಾಯಿತು. ಆದರೆ ಅದು ಇದ್ದದ್ದು 8.5ರಿಂದ 9.7ರವರೆಗಿನ ವರ್ಷನ್‌ಗಳಲ್ಲಿ. ಸೆಂಟ್‌ಓಎಸ್ 7ರಲ್ಲಿ ಇದ್ದದ್ದು 7.4. ಆ ತಪ್ಪು ಹುಟ್ಟುವ ಮುಂಚಿನ ಕೋಡ್ ಅದು. ಹಳೆಯದಾಗಿದ್ದೇ ಆವತ್ತು ಉಳಿಸಿತು.

ಡೆಬಿಯನ್‌ನ ಸೆಕ್ಯುರಿಟಿ ಟ್ರ್ಯಾಕರ್ ಇಂಥ ವಿಷಯಕ್ಕೆ ಬಹಳ ಉಪಯೋಗ, ನೀವು ಡೆಬಿಯನ್ ಬಳಸದಿದ್ದರೂ. ತಪ್ಪು ಯಾವ ಕಮಿಟ್‌ನಿಂದ (ಕೋಡ್‌ಗೆ ಮಾಡಿದ ಒಂದು ಬದಲಾವಣೆಯಿಂದ) ಸೇರಿತು, ಯಾವುದರಿಂದ ಸರಿಹೋಯಿತು ಎಂದು ಅಲ್ಲಿ ಬರೆದಿರುತ್ತಾರೆ. ‘ದೋಷವಿರುವ ಕೋಡ್ ಆಮೇಲೆ ಸೇರಿದ್ದು’ ಎಂಬ ಷರಾ ಕಂಡರೆ ನಿಮ್ಮ ಒಂದು ದಿನ ಉಳಿದ ಹಾಗೆ.

ಒಂದು ಪ್ಯಾಚ್, ಮೊದಲಿಂದ ಕೊನೆವರೆಗೆ

ಶುರುವಿನಲ್ಲಿ ಹೇಳಿದ ಸುಡೊ ತೂತನ್ನೇ ತೆಗೆದುಕೊಳ್ಳೋಣ. ಅದರ ನಂಬರ್ ಸಿವಿಇ-2021-3156. ಸೆಂಟ್‌ಓಎಸ್ 6ರಲ್ಲಿದ್ದದ್ದು ಸುಡೊ 1.8.6. ತೂತು ಇದ್ದದ್ದು 1.8.2ರಿಂದ. ಹಾಗಾಗಿ ನಮ್ಮದೂ ಸೇರುತ್ತದೆ.

ಏನೂ ಮುಟ್ಟುವ ಮೊದಲು ತೂತು ಇದೆ ಎಂದು ಖಚಿತ ಮಾಡಿಕೊಳ್ಳಿ. ಸಾಮಾನ್ಯ ಬಳಕೆದಾರರಾಗಿ ಲಾಗಿನ್ ಆಗಿ, ಸುಡೊಎಡಿಟ್ ಕಮಾಂಡಿಗೆ ‘-ಎಸ್’ ಆಪ್ಷನ್ ಕೊಟ್ಟು, ಮುಂದೆ ಬರೀ ಒಂದು ಓರೆಗೆರೆ ಹಾಕಿ ಎಂಟರ್ ಒತ್ತಿ. ಉತ್ತರದ ಸಾಲು ‘ಸುಡೊಎಡಿಟ್:’ ಎಂದು ಶುರುವಾದರೆ ತೂತು ಇದೆ. ‘ಯೂಸೇಜ್:’ ಎಂದು ಶುರುವಾದರೆ ಮುಚ್ಚಿದೆ. ಈ ಎರಡು ಪದಗಳ ವ್ಯತ್ಯಾಸವೇ ನಮ್ಮ ಅಳತೆಗೋಲು. ಪ್ಯಾಚ್ ಆದ ಮೇಲೆ ಇದನ್ನೇ ಮತ್ತೆ ಓಡಿಸುತ್ತೇವೆ.

ಈಗ ಸೋರ್ಸ್. ಸುಡೊದ ಹೊಸ ವರ್ಷನ್ ತಂದು ಹಾಕಿಬಿಡೋಣ ಅನಿಸುತ್ತದೆ. ಬೇಡ. ಹೊಸದರಲ್ಲಿ ಕಾನ್ಫಿಗ್ ಅರ್ಥಮಾಡಿಕೊಳ್ಳುವ ರೀತಿ ಬದಲಾಗಿರಬಹುದು, ಹೊಸ ಲೈಬ್ರರಿ ಕೇಳಬಹುದು. ಡಿಸ್ಟ್ರೋದವರು ಕೊನೆಗೆ ಕೊಟ್ಟ ಅದೇ ಸೋರ್ಸ್ ಪ್ಯಾಕೇಜನ್ನು ವಾಲ್ಟ್‌ನಿಂದ ಇಳಿಸಿಕೊಳ್ಳಿ. ಅದರೊಳಗೆ ಮೂಲ ಕೋಡ್, ಡಿಸ್ಟ್ರೋ ಹಾಕಿದ ಪ್ಯಾಚ್‌ಗಳ ಸಾಲು, ಬಿಲ್ಡ್ ಮಾಡುವ ಬಗೆ ಹೇಳುವ ಒಂದು ಸ್ಪೆಕ್ ಫೈಲ್ ಇರುತ್ತದೆ. ನಿಮ್ಮ ಪ್ಯಾಚ್ ಆ ಸಾಲಿನ ಕೊನೆಗೆ ಸೇರಬೇಕು.

ಪ್ಯಾಚ್ ಎಲ್ಲಿಂದ? ಸುಡೊ ಬರೆದವರು ಸರಿಪಡಿಸಿದ್ದು 1.9.5ರ ಕೋಡ್‌ನಲ್ಲಿ. ಅದು 1.8.6ಕ್ಕೆ ನೆಟ್ಟಗೆ ಕೂರುವುದಿಲ್ಲ. ನನ್ನ ಅಭ್ಯಾಸ ಏನೆಂದರೆ, ನನ್ನ ವರ್ಷನ್‌ಗೆ ಹತ್ತಿರದ ಹಳೇ ಕೋಡನ್ನು ಬೇರೆ ಯಾವ ಡಿಸ್ಟ್ರೋ ಇನ್ನೂ ಕಾಯುತ್ತಿದೆ ಎಂದು ಹುಡುಕುವುದು. ಆಗ ಉಬುಂಟು 16.04ರಲ್ಲಿ 1.8.16 ಇತ್ತು, ಡೆಬಿಯನ್ 9ರಲ್ಲಿ 1.8.19. ಎರಡಕ್ಕೂ ಪ್ಯಾಚ್ ಬಂದಿತ್ತು. ಯಾರೋ ಅರ್ಧ ದಾರಿ ನಡೆದಿದ್ದಾರೆ, ಅಲ್ಲಿಂದ ಶುರುಮಾಡಿ.

ಪ್ಯಾಚ್ ಹಾಕಿದಾಗ ಕೆಲವು ತುಂಡು ತಿರಸ್ಕಾರ ಆಗುತ್ತವೆ. ಅವನ್ನು ಕೈಯಾರೆ ಸೇರಿಸಬೇಕು. ಇಲ್ಲಿ ಅವಸರ ಬೇಡ. ಈ ತೂತಿನ ಮೂಲ ಇದ್ದದ್ದು ಬ್ಯಾಕ್‌ಸ್ಲ್ಯಾಷ್ ಬಿಡಿಸುವ ಒಂದು ಲೂಪ್‌ನಲ್ಲಿ. ಆರ್ಗ್ಯುಮೆಂಟ್ ಕೊನೆಯಲ್ಲಿ ಒಂಟಿ ಬ್ಯಾಕ್‌ಸ್ಲ್ಯಾಷ್ ಇದ್ದರೆ ಅದು ಗಡಿ ದಾಟಿ ಮೆಮೊರಿಗೆ ಬರೆಯುತ್ತಿತ್ತು. ಸರಿಪಡಿಸಿದ್ದು ಒಂದು ಕಮಿಟ್‌ನಲ್ಲಿ ಅಲ್ಲ, ಹಲವು ಕಮಿಟ್‌ಗಳಲ್ಲಿ. ಲೂಪ್ ಒಂದನ್ನೇ ಸರಿಮಾಡಿ ಆಪ್ಷನ್ ತಪಾಸಣೆ ಬಿಟ್ಟರೆ ಅರ್ಧ ಬಾಗಿಲು ಮಾತ್ರ ಮುಚ್ಚಿದಂತೆ. ಕಂಪೈಲ್ ಆಯಿತು ಎಂದ ಮಾತ್ರಕ್ಕೆ ಪ್ಯಾಚ್ ಸರಿಯಾಗಿ ಕೂತಿದೆ ಎಂದಲ್ಲ.

ಬಿಲ್ಡ್ ಮಾಡುವುದು ಓಡುತ್ತಿರುವ ಸರ್ವರ್‌ನಲ್ಲಿ ಅಲ್ಲ. ಆರ್‌ಪಿಎಮ್ (ರೆಡ್ ಹ್ಯಾಟ್, ಸೆಂಟ್‌ಓಎಸ್‌ಗಳ ಪ್ಯಾಕೇಜ್ ರೂಪ) ಲೋಕದಲ್ಲಿ ಮಾಕ್, ಡೆಬಿಯನ್ ಲೋಕದಲ್ಲಿ ಎಸ್‌ಬಿಲ್ಡ್ ಅಥವಾ ಪಿಬಿಲ್ಡರ್ ಇವೆ. ಅವು ಹಳೇ ಆರ್ಕೈವ್‌ನಿಂದ ಒಂದು ಖಾಲಿ ಸಿಸ್ಟಮ್ ಕಟ್ಟಿ ಅದರೊಳಗೆ ಬಿಲ್ಡ್ ಮಾಡುತ್ತವೆ. ನಿಮ್ಮ ಲ್ಯಾಪ್‌ಟಾಪಿನ ಹೊಸ ಲೈಬ್ರರಿ ಯಾವುದೂ ಒಳಗೆ ನುಸುಳುವುದಿಲ್ಲ.

ವರ್ಷನ್ ಹೆಸರಿನಲ್ಲಿ ಜಾಣತನ ಬೇಕು. ನಿಮ್ಮದು ಈಗಿರುವುದಕ್ಕಿಂತ ದೊಡ್ಡದಾಗಿರಬೇಕು, ಮುಂದೆ ಎಲ್ಲಿಂದಾದರೂ ಅಧಿಕೃತ ಪ್ಯಾಕೇಜ್ ಬಂದರೆ ಅದಕ್ಕಿಂತ ಚಿಕ್ಕದಾಗಿರಬೇಕು. ಹಳೇ ನಂಬರಿನ ಕೊನೆಗೆ ನಿಮ್ಮದೇ ಒಂದು ಬಾಲ ಸೇರಿಸಿದರೆ ಸಾಮಾನ್ಯವಾಗಿ ಸಾಕು. ಊಹೆ ಮೇಲೆ ಬಿಡಬೇಡಿ, ಎರಡು ವರ್ಷನ್ ಹೋಲಿಸುವ ಸೌಲಭ್ಯ ಡೆಬಿಯನ್‌ನ ಪ್ಯಾಕೇಜ್ ಟೂಲ್ ಡಿಪಿಕೆಜಿಯಲ್ಲೇ ಇದೆ. ಆರ್‌ಪಿಎಮ್‌ಗೂ ಅಂಥದ್ದೇ ಒಂದು ಟೂಲ್ ಇದೆ. ಬದಲಾವಣೆಗಳ ಪಟ್ಟಿಯಲ್ಲಿ ಸಿವಿಇ ನಂಬರ್ ಬರೆಯಿರಿ. ಆರು ತಿಂಗಳ ನಂತರ ‘ಇದನ್ನು ಮುಚ್ಚಿದ್ದೆವಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಪರೀಕ್ಷೆಗೆ ಮೊದಲು ಇನ್ನೊಂದು ಟರ್ಮಿನಲ್‌ನಲ್ಲಿ ರೂಟ್ ಆಗಿ ಲಾಗಿನ್ ಆಗಿರಿ, ಅದನ್ನು ಮುಚ್ಚಬೇಡಿ. ಕೆಟ್ಟ ಸುಡೊ ಹಾಕಿಕೊಂಡು, ಅದನ್ನು ಸರಿಮಾಡಲು ಸುಡೊ ಬೇಕಾಗಿ ಒದ್ದಾಡಿದವರಿಗೆ ಈ ಮಾತಿನ ಬೆಲೆ ಗೊತ್ತು. ಆಮೇಲೆ ಆ ಅಳತೆಗೋಲು ಓಡಿಸಿ, ‘ಯೂಸೇಜ್:’ ಕಂಡಿತಾ? ಮಾಮೂಲಿ ಕೆಲಸಗಳೂ ಆಗಬೇಕು: ಅನುಮತಿ ಇರುವವರಿಗೆ ಸುಡೊ ಸಿಗಬೇಕು, ಇಲ್ಲದವರಿಗೆ ಸಿಗಬಾರದು, ಲಾಗ್‌ನಲ್ಲಿ ಸಾಲು ಬೀಳಬೇಕು.

ಎಲ್ಲ ಮಷೀನುಗಳಿಗೆ ತಲುಪಿಸುವುದು

ಒಂದೇ ಮಷೀನ್ ಇದ್ದರೆ ಫೈಲ್ ಕಾಪಿ ಮಾಡಿ ಹಾಕಿ, ಮುಗಿಯಿತು. ನಾಲ್ಕೈದು ಇದ್ದರೆ ಪುಟ್ಟ ರೆಪೊ ಮಾಡಿ. ಡೆಬಿಯನ್, ಉಬುಂಟುಗಳಿಗೆ ಆಪ್ಟ್‌ಲಿ ಅಥವಾ ರೆಪ್ರೆಪ್ರೊ, ಆರ್‌ಪಿಎಮ್ ಕಡೆಗೆ ಕ್ರಿಯೇಟ್‌ರೆಪೊ. ಆಪ್ಟ್‌ಲಿಯಲ್ಲಿ ಸ್ನ್ಯಾಪ್‌ಶಾಟ್ ತೆಗೆದಿಡಬಹುದು, ಪ್ಯಾಚ್ ಕೈಕೊಟ್ಟರೆ ಹಿಂದಿನದಕ್ಕೆ ಮರಳುವುದು ಸುಲಭ. ಜಿಪಿಜಿ ಕೀಯಿಂದ ಸಹಿ ಹಾಕಿ, ಆ ಕೀಯನ್ನು ರೆಪೊ ಇರುವ ಸರ್ವರ್‌ನಲ್ಲಿ ಇಡಬೇಡಿ. ಪರೀಕ್ಷೆಗೆ ಒಂದು, ನಿಜ ಬಳಕೆಗೆ ಒಂದು ಎಂದು ಎರಡು ವಿಭಾಗ ಇರಲಿ. ತಾನಾಗಿ ಅಪ್‌ಡೇಟ್ ಮಾಡುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್‌ಗೆ ನಿಮ್ಮ ರೆಪೊ ಗುರುತೇ ಇರುವುದಿಲ್ಲ. ಅನುಮತಿಸಿದ ಮೂಲಗಳ ಪಟ್ಟಿಯಲ್ಲಿ ಅದರ ಹೆಸರು ಸೇರಿಸದಿದ್ದರೆ ನೀವು ಕಷ್ಟಪಟ್ಟು ಮಾಡಿದ ಪ್ಯಾಚ್ ಅಲ್ಲೇ ಕೂತಿರುತ್ತದೆ. ಪ್ಯಾಕೇಜನ್ನು ಹೊರಗಿನವರಿಗೂ ಕೊಡುವಿರಾದರೆ ಲೈಸೆನ್ಸ್ ಓದಿ. ಜಿಪಿಎಲ್ ಇರುವುದಕ್ಕೆ ಸೋರ್ಸ್ ಕೂಡ ಕೊಡಲೇಬೇಕು.

ಕೈಹಾಕಬಾರದ ಮೂರು

ಕರ್ನಲ್, ಗ್ಲಿಬ್‌ಸಿ (ಹೆಚ್ಚಿನ ಪ್ರೋಗ್ರಾಂಗಳು ನೆಚ್ಚಿಕೊಂಡ ಮೂಲ ಲೈಬ್ರರಿ), ಬ್ರೌಸರ್. ಬ್ರೌಸರ್‌ಗೆ ಬ್ಯಾಕ್‌ಪೋರ್ಟ್ ಮಾಡುವುದು (ಹೊಸ ಪ್ಯಾಚನ್ನು ಹಳೇ ಕೋಡ್‌ಗೆ ಹೊಂದಿಸುವುದು) ಒಬ್ಬರ ಕೈಯಲ್ಲಿ ಆಗುವ ಮಾತಲ್ಲ. ಮೊಜಿಲ್ಲಾ ನೇರವಾಗಿ ಕೊಡುವ ಫೈರ್‌ಫಾಕ್ಸ್ ನಿಮ್ಮ ಸಿಸ್ಟಮ್ಮಿನಲ್ಲಿ ಓಡಿದರೆ ಅದನ್ನು ಬಳಸಿ, ಓಡದಿದ್ದರೆ ಆ ಮಷೀನಿನಲ್ಲಿ ಬ್ರೌಸ್ ಮಾಡಲೇಬೇಡಿ. ಗ್ಲಿಬ್‌ಸಿ ಕೆಟ್ಟರೆ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಕೂಡ ಓಡುವುದಿಲ್ಲ. ಕರ್ನಲ್‌ಗೆ ಸಿವಿಲ್ ಇನ್ಫ್ರಾಸ್ಟ್ರಕ್ಚರ್ ಪ್ಲಾಟ್‌ಫಾರ್ಮ್ ಎಂಬ ಯೋಜನೆ 4.19, 5.10, 6.1ರಂಥ ಕೆಲವು ಸರಣಿಗಳನ್ನು 10 ವರ್ಷ ಕಾಯುತ್ತದೆ. ಆ ಸರಣಿ ನಿಮ್ಮ ಹಾರ್ಡ್‌ವೇರ್‌ಗೆ ಹೊಂದಿದರೆ ಅದರ ಕೋಡ್ ತಂದು ಬಿಲ್ಡ್ ಮಾಡಿಕೊಳ್ಳಬಹುದು. ನೀವೇ ಕರ್ನಲ್ ಪ್ಯಾಚ್‌ಗಳನ್ನು ಆರಿಸಿ ಹೊಲಿಯುವುದಕ್ಕಿಂತ ಅದು ಎಷ್ಟೋ ಮೇಲು.

ಹೊರಡುವ ದಿನ

ಇದೆಲ್ಲ ನಡೆಯುತ್ತಿರುವಾಗಲೇ ಮಷೀನಿನ ಒಂದು ನಕಲು ಮಾಡಿ, ಅದರ ಮೇಲೆ ಅಪ್‌ಗ್ರೇಡ್ ಪ್ರಯತ್ನಿಸಿ. ಡೆಬಿಯನ್‌ನಲ್ಲಿ ಮೆಟ್ಟಿಲು ಹಾರುವಂತಿಲ್ಲ. 10ರಿಂದ 11, 11ರಿಂದ 12, ಹೀಗೆ ಒಂದೊಂದೇ. ಉಬುಂಟುವಿನಲ್ಲಿ ಒಂದು ಎಲ್‌ಟಿಎಸ್‌ನಿಂದ ಮುಂದಿನ ಎಲ್‌ಟಿಎಸ್‌ಗೆ. ಸೆಂಟ್‌ಓಎಸ್ 7ರಿಂದ 8ರ ಸಾಲಿನ ಡಿಸ್ಟ್ರೋಗಳಿಗೆ ಏರಲು ಆಲ್ಮಾಲಿನಕ್ಸ್‌ನವರ ಎಲಿವೇಟ್ ಇದೆ. ಅದು ಮೊದಲು ತಪಾಸಣೆ ಮಾಡಿ ಏನೇನು ಅಡ್ಡ ಬರುತ್ತದೆ ಎಂದು ವರದಿ ಕೊಡುತ್ತದೆ. ಆ ವರದಿಯಲ್ಲಿ ಸಿಕ್ಕ ಅಡ್ಡಿಗಳನ್ನು ಬಿಡಿಸಲು ಎಷ್ಟು ವಾರ ಬೇಕು ಎಂದು ಲೆಕ್ಕ ಹಾಕಿ, ಕ್ಯಾಲೆಂಡರ್‌ನಲ್ಲಿ ಒಂದು ತಾರೀಖು ಹಾಕಿ. ಅದೇ ತಾರೀಖನ್ನು ಎಟ್ಸಿ ಫೋಲ್ಡರ್‌ನ ಎಮ್‌ಓಟಿಡಿ ಫೈಲ್‌ನಲ್ಲೂ ಬರೆದಿಡಿ. ಲಾಗಿನ್ ಆದಾಗಲೆಲ್ಲ ಮೊದಲ ಸಾಲಿನಲ್ಲೇ ಕಾಣುತ್ತದೆ.